ಮನೆಯಲ್ಲೇ ಇರಿ ಎಂದರು: ಗಡಿಯವರ ಮನೆ ಎಲ್ಲಿಯವರೆಗೆ?





2021ರ ಜುಲೈ 31ರಂದು ಕರ್ನಾಟಕ ಸರ್ಕಾರ ಹೊರಡಿಸಿದ ಆದೇಶದಂತೆ ಕೇರಳ ಮತ್ತು ಮಹಾರಾಷ್ಟ್ರದಿಂದ ಬರುವವರು ಲಸಿಕೆ ಹಾಕಿಸಿಕೊಂಡಿದ್ದರೂ 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ ತೋರಿಸಬೇಕಿತ್ತು. ತಲಪಾಡಿಯಲ್ಲಿ ಮತ್ತೆ ಪೊಲೀಸ್ ಪಹರೆ, ಮತ್ತೆ ಸಾಲು ಶುರುವಾಯಿತು. ಕೇರಳದ ಒಳಗೂ ಆಗಸ್ಟ್ ಮೊದಲ ವಾರದಿಂದ ಅಂಗಡಿಗೆ ಹೋಗಲು ಲಸಿಕೆಯ ಅಥವಾ ಪರೀಕ್ಷೆಯ ದಾಖಲೆ ಬೇಕೆಂಬ ನಿಯಮ ಬಂತು. ಎರಡು ಸರ್ಕಾರಗಳೂ ಕೊನೆಗೆ ಹೇಳಿದ ಮಾತು ಒಂದೇ: ಆದಷ್ಟು ಮನೆಯಲ್ಲೇ ಇರಿ.

ಸೋಂಕು ತಡೆಯಲು ಇದು ಸರಿಯಾದ ಮಾತೇ. ದೇಶದಲ್ಲಿ ದಿನವೊಂದಕ್ಕೆ ವರದಿಯಾಗುತ್ತಿದ್ದ ಪ್ರಕರಣಗಳಲ್ಲಿ ಅರ್ಧದಷ್ಟು ಆಗ ಕೇರಳದವೇ ಆಗಿದ್ದಾಗ ನೆರೆ ರಾಜ್ಯ ಎಚ್ಚರ ವಹಿಸಿದ್ದನ್ನು ತಪ್ಪೆನ್ನಲಾಗದು. ಆದರೆ ಈ ಮಾತನ್ನು ಪಾಲಿಸಲು ಹೊರಟ ಗಡಿನಾಡ ಕನ್ನಡಿಗರಿಗೆ 2020ರಿಂದಲೂ ಒಂದು ಪ್ರಶ್ನೆ ಕಾಡುತ್ತಿತ್ತು. ನಮ್ಮ ಮನೆ ಎಂದರೆ ಎಲ್ಲಿಂದ ಎಲ್ಲಿಯವರೆಗೆ? ಆದೇಶ ಬರೆಯುವವರ ಲೆಕ್ಕದಲ್ಲಿ ಮನೆ ಎಂದರೆ ನಾಲ್ಕು ಗೋಡೆ, ಒಂದು ರೇಷನ್ ಕಾರ್ಡು, ಒಂದು ಜಿಲ್ಲೆ. ನಮ್ಮಲ್ಲಿ ಮಲಗುವ ಕೋಣೆ ಒಂದು ರಾಜ್ಯದಲ್ಲಿದ್ದರೆ ಆಸ್ಪತ್ರೆ, ಕಾಲೇಜು, ಸಂತೆ, ಮಗಳ ಗಂಡನ ಮನೆ ಇನ್ನೊಂದರಲ್ಲಿ. ಈ ಬದುಕು ನಾವು ಬೇಕೆಂದು ಕಟ್ಟಿಕೊಂಡದ್ದಲ್ಲ. 1956ರ ನವೆಂಬರ್ 1ರಂದು ಗೆರೆ ಎಳೆದಾಗ ಊರುಗಳು ಎಲ್ಲಿದ್ದವೋ ಅಲ್ಲೇ ಉಳಿದವು, ದಾರಿಗಳೂ ಹಳೆಯವೇ ಉಳಿದವು.

ದಾರಿ ಎತ್ತ, ಜಿಲ್ಲಾಕೇಂದ್ರ ಎತ್ತ

ಮಂಜೇಶ್ವರದವರಿಗೆ ಮಂಗಳೂರು ಅರ್ಧ ಗಂಟೆಯ ದಾರಿ. ರಾಜಧಾನಿ ತಿರುವನಂತಪುರ ಐನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ. ತಾಳವಾಡಿಯವರಿಗೆ ಚಾಮರಾಜನಗರ ಪಕ್ಕದ ಪೇಟೆ, ತಮ್ಮದೇ ಜಿಲ್ಲಾಕೇಂದ್ರವಾದ ಈರೋಡಿಗೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವು ಇಳಿಯಬೇಕು. ರಾಯದುರ್ಗಕ್ಕೆ ಬಳ್ಳಾರಿ, ಜತ್ತಕ್ಕೆ ವಿಜಯಪುರ, ಅಕ್ಕಲಕೋಟೆಗೆ ಕಲಬುರಗಿ, ಹೊಸೂರಿಗೆ ಬೆಂಗಳೂರು ಹೀಗೇ ಬೆಸೆದುಕೊಂಡಿವೆ. ಗೋವಾದ ಕತೆ ಇದೇ ನಾಣ್ಯದ ಇನ್ನೊಂದು ಮುಖ. ಅಲ್ಲಿನ ಅಡುಗೆಮನೆಗೆ ತರಕಾರಿ ಬರುವುದು ಹೆಚ್ಚಾಗಿ ಬೆಳಗಾವಿಯಿಂದ. 2020ರ ಮಾರ್ಚ್ ಕೊನೆಯಲ್ಲಿ ಕೆಲವು ದಿನ ದಿನಸಿ ಅಂಗಡಿಗಳೇ ಮುಚ್ಚಿದಾಗ ಆ ಅವಲಂಬನೆ ಎಷ್ಟೆಂದು ಎಲ್ಲರಿಗೂ ಗೊತ್ತಾಯಿತು.

ಲಾಕ್‌ಡೌನ್ ಶುರುವಾದ 2020ರ ಮಾರ್ಚ್ 25 ಯುಗಾದಿಯ ದಿನ. ಹಿಂದಿನ ರಾತ್ರಿ ಎಂಟು ಗಂಟೆಗೆ ಘೋಷಣೆ, ನಾಲ್ಕು ಗಂಟೆಗಳ ಬಳಿಕ ಜಾರಿ. ಬೇವು ಬೆಲ್ಲಕ್ಕೆಂದು ಪೇಟೆಗೆ ಹೋಗಲಾಗದ ಮನೆಗಳು ಎಲ್ಲ ಕಡೆಯೂ ಇದ್ದವು. ಗಡಿಯಲ್ಲಿ ಇನ್ನೊಂದು ತೊಡಕು ಸೇರಿತು. ಹಬ್ಬಕ್ಕೆ ಬಂದ ಮಗ ಆಚೆಗೆ ಹೋಗುವಂತಿಲ್ಲ, ಆಚೆಗೆ ಹೋದ ಅಮ್ಮ ಈಚೆಗೆ ಬರುವಂತಿಲ್ಲ. 21 ದಿನವೆಂದದ್ದು ಎರಡು ತಿಂಗಳಾಯಿತು. ಹೀಗೆ ಅರ್ಧ ಆಚೆ, ಅರ್ಧ ಈಚೆ ಸಿಕ್ಕಿಕೊಂಡ ಮನೆಗಳನ್ನು ಎಣಿಸುವ ಗೋಜಿಗೆ ಯಾವ ಕಚೇರಿಯೂ ಹೋಗಲಿಲ್ಲ.

ಮಣ್ಣು ಸುರಿದ ರಸ್ತೆ ಕಲಿಸಿದ ಪಾಠ

ಆ ದಿನಗಳಲ್ಲಿ ದಕ್ಷಿಣ ಕನ್ನಡ ಮತ್ತು ಕೊಡಗಿನ ಗಡಿಯ ಹಲವು ರಸ್ತೆಗಳಿಗೆ ಮಣ್ಣು ಸುರಿಯಲಾಯಿತು. ಕಾಸರಗೋಡಿನಲ್ಲಿ ಪ್ರಕರಣಗಳು ಏರುತ್ತಿದ್ದವು, ಕರ್ನಾಟಕಕ್ಕೆ ಭಯವಿತ್ತು. ಆದರೆ ಅದೇ ದಾರಿಯಲ್ಲಿ ಡಯಾಲಿಸಿಸ್‌ಗೆ, ಹೃದಯದ ಚಿಕಿತ್ಸೆಗೆ, ಹೆರಿಗೆಗೆ ಹೋಗುತ್ತಿದ್ದವರೂ ನಿಂತುಹೋದರು. ತಲಪಾಡಿಯಲ್ಲಿ ಆಂಬ್ಯುಲೆನ್ಸ್ ತಡೆದ, ಸಮಯಕ್ಕೆ ಮಂಗಳೂರು ಮುಟ್ಟಲಾಗದೆ ರೋಗಿಗಳು ತೀರಿಕೊಂಡ ಸುದ್ದಿ ಒಂದರ ಹಿಂದೆ ಒಂದು ಬಂತು. ಅವರಲ್ಲಿ ಹೆಚ್ಚಿನವರಿಗೆ ಕೋವಿಡ್ ಇರಲಿಲ್ಲ.

2020ರ ಏಪ್ರಿಲ್ 1ರಂದು ಕೇರಳ ಹೈಕೋರ್ಟ್, ತುರ್ತು ಚಿಕಿತ್ಸೆಗೆ ಹೋಗುವವರಿಗೆ ರಾಷ್ಟ್ರೀಯ ಹೆದ್ದಾರಿ ತೆರೆಸುವಂತೆ ಕೇಂದ್ರಕ್ಕೆ ಹೇಳಿತು. ದಾರಿ ತಡೆಯುವುದು ಬದುಕುವ ಹಕ್ಕಿಗೂ ಸಂಚಾರದ ಹಕ್ಕಿಗೂ ಧಕ್ಕೆ ಎಂಬುದು ಅದರ ನಿಲುವು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ಕೇಂದ್ರದ ಆರೋಗ್ಯ ಕಾರ್ಯದರ್ಶಿ ಎರಡೂ ರಾಜ್ಯಗಳೊಡನೆ ಕೂತು ದಾರಿ ಕಂಡುಕೊಳ್ಳಲಿ ಎಂದು ಸುಪ್ರೀಂ ಕೋರ್ಟ್ ಸೂಚಿಸಿತು. ರೋಗಿಗಳ ಓಡಾಟಕ್ಕೆ ಒಪ್ಪಿತ ಕ್ರಮ ಸಿದ್ಧವಾಗಿದೆ ಎಂದು ಏಪ್ರಿಲ್ 7ರಂದು ತಿಳಿಸಿದ ಮೇಲೆ ಪ್ರಕರಣ ಮುಗಿಯಿತು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಆ ಕ್ರಮ ರೋಗಿಗಳ ತುರ್ತು ಓಡಾಟಕ್ಕೆ ಮಾತ್ರ. ಗಡಿಯ ದಿನನಿತ್ಯದ ಬದುಕಿಗೆ ಶಾಶ್ವತವಾದ ವ್ಯವಸ್ಥೆ ಅಂದೂ ಆಗಲಿಲ್ಲ, ಆಮೇಲೂ ಆಗಲಿಲ್ಲ. ಹಾಗಾಗಿಯೇ 2021ರ ಫೆಬ್ರವರಿಯಲ್ಲಿ ನೆಗೆಟಿವ್ ವರದಿಯ ನಿಯಮ ಬಂದಾಗ ಗಲಾಟೆ, ಅದೇ ವರ್ಷದ ಆಗಸ್ಟಿನಲ್ಲಿ ಮತ್ತೊಮ್ಮೆ ಅದೇ ಗಲಾಟೆ. ಪ್ರತಿ ಅಲೆಗೂ ನಾವು ಮೊದಲಿನಿಂದ ಶುರುಮಾಡಬೇಕಾಯಿತು.

ಒಂದು ಒಳ್ಳೆಯ ಬದಲಾವಣೆಯೂ ಆಯಿತು. ಉಕ್ಕಿನಡ್ಕದ ಸರ್ಕಾರಿ ಮೆಡಿಕಲ್ ಕಾಲೇಜಿನ ಕಟ್ಟಡದಲ್ಲಿ 2020ರ ಏಪ್ರಿಲ್‌ನಲ್ಲಿ ಕೋವಿಡ್ ಆಸ್ಪತ್ರೆ ಶುರುವಾಯಿತು. ಚಟ್ಟಂಚಾಲ್ ಬಳಿಯ ತೆಕ್ಕಿಲ್‌ನಲ್ಲಿ ಟಾಟಾ ಸಮೂಹ ಕಟ್ಟಿಕೊಟ್ಟ 541 ಹಾಸಿಗೆಗಳ ಆಸ್ಪತ್ರೆ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸರ್ಕಾರದ ಕೈಗೆ ಬಂತು. ಗಡಿ ಮುಚ್ಚಿದ್ದರಿಂದ ಕಾಸರಗೋಡಿನ ಆಸ್ಪತ್ರೆಯ ಕೊರತೆ ಎಲ್ಲರ ಕಣ್ಣಿಗೆ ಬಿತ್ತು ಎನ್ನಬಹುದು. ಆದರೆ ಹಾಸಿಗೆ ಬಂದರೆ ಸಾಲದು, ತಜ್ಞ ವೈದ್ಯರು ಬಂದು ನಿಲ್ಲಬೇಕು. ಅಲ್ಲಿಯವರೆಗೆ ಮಂಗಳೂರಿನ ದಾರಿ ನಮಗೆ ಬೇಕೇ ಬೇಕು.

ಶಾಲೆ ಮನೆಯೊಳಗೆ ಬಂತು, ಯಾವ ಭಾಷೆಯಲ್ಲಿ?

ಮನೆಯ ಬದುಕನ್ನು ಅತಿ ಹೆಚ್ಚು ಬದಲಿಸಿದ್ದು ಶಾಲೆ. 2020ರ ಜೂನ್ 1ರಂದು ಕೇರಳದಲ್ಲಿ 'ಫಸ್ಟ್ ಬೆಲ್' ಪಾಠಗಳು ಕೈಟ್ ವಿಕ್ಟರ್ಸ್ ಟಿವಿಯಲ್ಲಿ ಆರಂಭವಾದವು. ಹೊತ್ತಿಗೆ ಸರಿಯಾಗಿ ಶುರುಮಾಡಿದ ಈ ಕೆಲಸವನ್ನು ಮೆಚ್ಚಲೇಬೇಕು. ಆದರೆ ಟಿವಿಯಲ್ಲಿ ಬಂದದ್ದು ಮುಖ್ಯವಾಗಿ ಮಲಯಾಳದ ಪಾಠ. ಕನ್ನಡ ಮಾಧ್ಯಮದ ಪಾಠಗಳನ್ನು ಜಿಲ್ಲೆಯ ಅಧ್ಯಾಪಕರೇ ತಯಾರಿಸಿದರು, ಅವು ಯೂಟ್ಯೂಬ್‌ನಲ್ಲಿ ಸಿಕ್ಕವು. ಕಡಿಮೆ ಸಮಯದಲ್ಲಿ, ಕಡಿಮೆ ಸೌಕರ್ಯದಲ್ಲಿ ಆ ಅಧ್ಯಾಪಕರು ಮಾಡಿದ ಕೆಲಸಕ್ಕೆ ಸಂಘದ ಎಲ್ಲರೂ ಋಣಿಗಳು.

ಆದರೂ ಲೆಕ್ಕ ಹಾಕಿ ನೋಡಿ. ಟಿವಿ ಇದ್ದ ಮನೆಯಲ್ಲಿ ಪಾಠ ಕೇಳಲು ಬೇರೆ ಖರ್ಚಿಲ್ಲ. ಯೂಟ್ಯೂಬ್ ಪಾಠಕ್ಕೆ ಸ್ಮಾರ್ಟ್‌ಫೋನ್ ಬೇಕು, ದಿನಾ ಡೇಟಾ ಬೇಕು, ಗುಡ್ಡದ ಮರೆಯಲ್ಲಿ ಸಿಗ್ನಲ್ ಬೇಕು. ಮೂವರು ಮಕ್ಕಳಿರುವ ಮನೆಯಲ್ಲಿ ಒಂದೇ ಫೋನು, ಅದನ್ನೂ ಅಪ್ಪ ಬೆಳಿಗ್ಗೆ ಕೆಲಸಕ್ಕೆ ಒಯ್ಯುತ್ತಾನೆ. ಹೀಗೆ ಭಾಷೆಯ ವ್ಯತ್ಯಾಸ ಸದ್ದಿಲ್ಲದೆ ದುಡ್ಡಿನ ವ್ಯತ್ಯಾಸವಾಯಿತು. ಕನ್ನಡ ಮಾಧ್ಯಮದ ಮಗು ಅದೇ ಊರಿನ, ಅದೇ ತರಗತಿಯ ಮಲಯಾಳ ಮಾಧ್ಯಮದ ಮಗುವಿಗಿಂತ ಹೆಚ್ಚು ಖರ್ಚು ಮಾಡಿ ಅದೇ ಪಾಠ ಕೇಳಬೇಕಾಯಿತು. ಪಠ್ಯಪುಸ್ತಕ ತಡವಾಗುವ ಹಳೆಯ ದೂರು ಇದರ ಮೇಲೆ.

ಉಳಿದ ಕಡೆಯೂ ಹೀಗೆಯೇ. ತಮಿಳುನಾಡಿನ ಕಲ್ವಿ ಟಿವಿಯ ಪಾಠಗಳು ಮುಖ್ಯವಾಗಿ ತಮಿಳಿನವು. ಜತ್ತ, ಅಕ್ಕಲಕೋಟೆ, ಮಡಕಶಿರಾ, ರಾಯದುರ್ಗದ ಕನ್ನಡ ಶಾಲೆಗಳ ಮಕ್ಕಳಿಗೂ ರಾಜ್ಯದ ಭಾಷೆಯಲ್ಲಿ ಸಿಕ್ಕಷ್ಟು ತಮ್ಮ ಭಾಷೆಯಲ್ಲಿ ಸಿಗಲಿಲ್ಲ. ಹಾಗಾದರೆ ಕರ್ನಾಟಕದ ಪಾಠ ನೋಡಬಹುದಲ್ಲ ಎಂದು ಕೇಳುವವರಿದ್ದಾರೆ. 2020ರ ಜುಲೈ 20ರಿಂದ ದೂರದರ್ಶನ ಚಂದನದಲ್ಲಿ ಪ್ರೌಢಶಾಲೆಯವರಿಗೆ ಸೇತುಬಂಧ ಪಾಠಗಳು ಬಂದವು, ಗಡಿಯ ಮನೆಗಳಲ್ಲೂ ಕಂಡವು. ಕನ್ನಡ ಓದಿಗೆ, ವಿಜ್ಞಾನದ ಮಾತುಗಳನ್ನು ಕನ್ನಡದಲ್ಲಿ ಕೇಳುವುದಕ್ಕೆ ಅವು ಉಪಕಾರವಾದವು. ಆದರೆ ನಮ್ಮ ಮಕ್ಕಳ ಪಠ್ಯಕ್ರಮ ಆಯಾ ರಾಜ್ಯದ್ದು, ಪರೀಕ್ಷೆಯೂ ಆಯಾ ರಾಜ್ಯದ್ದು. ಭಾಷೆ ಒಂದು, ಪಾಠ ಬೇರೆ.

ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಕೊಡಲು ರಾಜ್ಯಗಳು ಯತ್ನಿಸಬೇಕು ಎನ್ನುತ್ತದೆ. ಸೌಲಭ್ಯ ಎಂದರೆ ಶಾಲೆಯ ಕಟ್ಟಡ ಮತ್ತು ಅಧ್ಯಾಪಕ ಎಂದು ಇಷ್ಟು ವರ್ಷ ಅರ್ಥ ಮಾಡಿಕೊಂಡದ್ದಾಯಿತು. ಶಾಲೆಯೇ ಟಿವಿಯೊಳಗೆ ಹೋದ ಮೇಲೆ ಟಿವಿಯ ಸಮಯವೂ ಅದರಲ್ಲಿ ಸೇರಬೇಕು. ಈ ಅರ್ಥವನ್ನು ಒತ್ತಿ ಹೇಳಬೇಕಾದವರು ನಾವೇ.

ಕರ್ನಾಟಕದಲ್ಲಿ 2021ರ ಆಗಸ್ಟ್ 23ರಿಂದ ಪಾಸಿಟಿವಿಟಿ ಶೇ. 2ಕ್ಕಿಂತ ಕಡಿಮೆ ಇದ್ದ ಜಿಲ್ಲೆಗಳಲ್ಲಿ 9ರಿಂದ 12ನೇ ತರಗತಿ ತೆರೆಯುವುದಾಗಿ ಹೇಳಿದರು. ಕೇರಳದಲ್ಲಿ ಆಗ ಶಾಲೆ ಇನ್ನೂ ಮುಚ್ಚಿತ್ತು. ಗಡಿ ದಾಟಿ ಓದುವ ಮಕ್ಕಳಿಗೆ ಇದರಿಂದ ಹೊಸ ಸಂಕಟ ಎದುರಾಯಿತು. ತರಗತಿ ತೆರೆದರೆ ಅವರಿಗೆ ಪದೇ ಪದೇ ಪರೀಕ್ಷೆ, ಪದೇ ಪದೇ ಸಾಲು ಎಂಬ ಸ್ಥಿತಿಯಿತ್ತು.

ಅಡುಗೆಮನೆ, ಅಂಗಳ, ದುಡಿಮೆ

ಮನೆಯಿಂದಲೇ ಕೆಲಸ ಎಂಬುದು ಆಗ ನಗರದವರಿಗೆ ಹೊಸ ಮಾತಾಗಿತ್ತು. ಗಡಿನಾಡಿನ ಹೆಂಗಸರಿಗೆ ಅದು ಹಳೆಯದು. ಸೊಲ್ಲಾಪುರದಲ್ಲೂ ಕಾಸರಗೋಡಿನಲ್ಲೂ ಬೀಡಿ ಕಟ್ಟುವವರು ಮನೆಯ ಜಗಲಿಯಲ್ಲೇ ದುಡಿದವರು. ಆದರೆ ಎಲೆ ಮತ್ತು ಹೊಗೆಸೊಪ್ಪು ಹೊರಗಿನಿಂದ ಬರಬೇಕು, ಕಟ್ಟಿದ ಬೀಡಿ ಬ್ರಾಂಚಿಗೆ ಹೋಗಬೇಕು. ಸಾಗಾಟ ನಿಂತಾಗ ಮನೆಯಲ್ಲೇ ಇದ್ದೂ ಕೆಲಸವಿಲ್ಲದಂತಾಯಿತು. ಹೊಸೂರಿನಿಂದ ಬೆಂಗಳೂರಿಗೆ, ವಯನಾಡಿನಿಂದ ಕೊಡಗಿನ ಕಾಫಿ ತೋಟಗಳಿಗೆ ಹೋಗಿ ದುಡಿಯುವವರ ಪಾಡು ಇನ್ನೂ ಬಿಗಿ. ಅವರ ಸಂಬಳ ಒಂದು ರಾಜ್ಯದಲ್ಲಿ, ಒಲೆ ಇನ್ನೊಂದು ರಾಜ್ಯದಲ್ಲಿ.

ಕೃಷಿಕರು ತಮ್ಮದೇ ರೀತಿಯಲ್ಲಿ ದಾರಿ ಹುಡುಕಿದರು. 2020ರ ಬೇಸಿಗೆಯಲ್ಲಿ ಪೇಟೆಗೆ ಹೋಗದ ದ್ರಾಕ್ಷಿಯನ್ನು ಜತ್ತ ಕಡೆಯ ಬೆಳೆಗಾರರು ಒಣದ್ರಾಕ್ಷಿ ಮಾಡಿದರು. ಕಾಸರಗೋಡಿನಲ್ಲಿ ಅಡಿಕೆ ಖರೀದಿ ಕೆಲಕಾಲ ನಿಂತಾಗ ಚಾಲಿಯನ್ನು ಅಟ್ಟಕ್ಕೇರಿಸಿ ಕಾದರು. ಕಾಯುವ ಶಕ್ತಿ ಇದ್ದವರಿಗೆ 2021ರಲ್ಲಿ ಒಳ್ಳೆಯ ಧಾರಣೆ ಸಿಕ್ಕಿತು. ತೋಟದ ಕೂಲಿಯವರಿಗೆ ಕಾಯಲು ಅಟ್ಟವೂ ಇರಲಿಲ್ಲ, ಅಡಿಕೆಯೂ ಇರಲಿಲ್ಲ. ಆ ಮನೆಗಳನ್ನು ನಡೆಸಿದ್ದು ಕೇಂದ್ರದ ತಲೆಗೆ 5 ಕೆ.ಜಿ. ಧಾನ್ಯ ಮತ್ತು ಕೇರಳದಲ್ಲಿ ಎಲ್ಲ ಕಾರ್ಡುದಾರರಿಗೆ ಕೊಟ್ಟ ದಿನಸಿ ಕಿಟ್. ಜತೆಗೆ ಹಿತ್ತಿಲ ಹಲಸು. ಗುಜ್ಜೆ ಪಲ್ಯ, ಹಪ್ಪಳ, ಬೇಳೆ ಸಾರು ಎಂದು ಬಹುಕಾಲದ ಬಳಿಕ ಹಲಸು ದಂಡವಾಗದೆ ಪೂರ್ತಿ ಅಡುಗೆಮನೆಗೆ ಬಂತು.

ಈ ಅಡುಗೆಮನೆಯ ಲೆಕ್ಕವನ್ನೂ ನೋಡಬೇಕು. ಮನೆಮಂದಿ ಎಲ್ಲ ದಿನವಿಡೀ ಮನೆಯಲ್ಲಿದ್ದರೆ ಊಟ, ತಿಂಡಿ, ಚಾ, ಪಾತ್ರೆ, ಬಟ್ಟೆ ಎಲ್ಲವೂ ಹೆಚ್ಚುತ್ತದೆ. ಮಕ್ಕಳ ಪಾಠದ ಮೇಲ್ವಿಚಾರಣೆಯೂ ಹೆಚ್ಚಾಗಿ ಅಮ್ಮಂದಿರ ಪಾಲಿಗೆ ಬಂತು. ಯಾರಿಗಾದರೂ ಸೋಂಕು ತಗಲಿದರೆ ಆರೈಕೆಯೂ ಅವರದೇ. ಒಂದೇ ಕೋಣೆ, ಒಂದೇ ಬಚ್ಚಲಿನ ಮನೆಯಲ್ಲಿ ಪ್ರತ್ಯೇಕ ಇರಿ ಎಂಬ ಸಲಹೆ ಕಾಗದದಲ್ಲೇ ಉಳಿಯುತ್ತದೆ. ಎರಡನೆಯ ಅಲೆಯಲ್ಲಿ ಇಡೀ ಮನೆಗಳಿಗೆ ಒಟ್ಟಿಗೆ ಸೋಂಕು ತಗಲಲು ಇದೂ ಒಂದು ಕಾರಣ. ಕೇರಳದಲ್ಲಿ ಮನೆಯಲ್ಲಿ ಅನುಕೂಲವಿಲ್ಲದವರಿಗೆ ಪಂಚಾಯತ್ ಮಟ್ಟದ ಆರೈಕೆ ಕೇಂದ್ರಗಳಿದ್ದವು. ಅಲ್ಲಿಗೆ ಹೋಗುವುದು ಅವಮಾನವಾಗಿರಲಿಲ್ಲ, ಮನೆಯ ಹಿರಿಯರನ್ನು ಉಳಿಸುವ ದಾರಿಯಾಗಿತ್ತು.

ಹಬ್ಬ, ಮದುವೆ, ಸಾವು

ಮದುವೆಗೆ ಇಪ್ಪತ್ತು ಮಂದಿ ಎಂದಾಗ ಗಡಿಯಲ್ಲಿ ಯಾರನ್ನು ಬಿಡುವುದು ಎಂಬುದಕ್ಕಿಂತ ಯಾರು ದಾಟಿ ಬರಬಲ್ಲರು ಎಂಬುದೇ ಪಟ್ಟಿ ಮಾಡಿತು. ಸಾವಿನ ಮನೆಯ ದುಃಖ ಇನ್ನೂ ಆಳ. ಅಂತಿಮ ದರ್ಶನಕ್ಕೆ ಫೋನಿನ ಪರದೆ, ಹದಿಮೂರನೆಯ ದಿನಕ್ಕೂ ಫೋನಿನ ಪರದೆ. ಸಾವು, ತುರ್ತು ಚಿಕಿತ್ಸೆಯಂಥ ಸಂದರ್ಭದಲ್ಲಿ ವರದಿ ಇಲ್ಲದಿದ್ದರೂ ಗಡಿಯಲ್ಲೇ ಮಾದರಿ ಕೊಟ್ಟು ಹೋಗಲು 2021ರ ಆದೇಶದಲ್ಲಿ ಅವಕಾಶವಿತ್ತು. ಎಷ್ಟೋ ಮಂದಿ ಇದು ತಿಳಿಯದೆ ಅರ್ಧ ದಾರಿಯಿಂದ ಮರಳಿದರು. ತಿಳಿಯದಿರಲು ಕಾರಣವೂ ಭಾಷೆಯೇ. ತಮ್ಮ ರಾಜ್ಯದ ಪ್ರಕಟಣೆ ತಮಗೆ ಓದಲು ಬಾರದ ಲಿಪಿಯಲ್ಲಿ, ಓದಲು ಬರುವ ಲಿಪಿಯ ಪ್ರಕಟಣೆ ಬೇರೆ ರಾಜ್ಯದ್ದು. ಕೋವಿನ್ ಜಾಲತಾಣ 2021ರ ಜೂನ್‌ನಲ್ಲಿ ಕನ್ನಡಕ್ಕೂ ಬಂದದ್ದು ಈ ನಿಟ್ಟಿನಲ್ಲಿ ಸಣ್ಣದಾದರೂ ನಿಜವಾದ ನೆರವು.

ಕೇಳಬೇಕಾದದ್ದು, ಮಾಡಬೇಕಾದದ್ದು

ಇನ್ನೊಂದು ಅಲೆ ಬರಲಿ ಬಿಡಲಿ, ಗಡಿ ಮುಚ್ಚುವುದು ಸುಲಭ ಎಂಬುದನ್ನು ಆಡಳಿತಗಳು ಕಲಿತುಬಿಟ್ಟಿವೆ. ಆದ್ದರಿಂದ ಸಂಘಗಳು ಒಟ್ಟಾಗಿ ಆಯಾ ಜಿಲ್ಲಾಧಿಕಾರಿಗಳ ಮುಂದೆ, ಭಾಷಾ ಅಲ್ಪಸಂಖ್ಯಾತರ ಆಯುಕ್ತರ ಮುಂದೆ ಮತ್ತು ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ ಮುಂದೆ ಇಡಬಹುದಾದ ಬೇಡಿಕೆ ನಾಲ್ಕು:

1. ಗಡಿಯ ಎರಡೂ ಬದಿಯ ಜಿಲ್ಲೆಗಳು ಒಪ್ಪಿಕೊಂಡ ನಿತ್ಯ ಸಂಚಾರದ ಪಾಸ್. ಅಲೆ ಬಂದ ಮೇಲಲ್ಲ, ಮೊದಲೇ ಸಿದ್ಧವಿರಬೇಕು.
2. ಡಯಾಲಿಸಿಸ್, ಕ್ಯಾನ್ಸರ್, ಹೆರಿಗೆಯಂಥ ಚಿಕಿತ್ಸೆಗೆ ಯಾವ ಹಂತದಲ್ಲೂ ಮುಚ್ಚದ ದಾರಿ.
3. ಟಿವಿಯಲ್ಲಿ ಕನ್ನಡ ಮಾಧ್ಯಮದ ಪಾಠಕ್ಕೆ ನಿಗದಿತ ಸಮಯ.
4. ಕನ್ನಡಿಗರು ಹೆಚ್ಚಿರುವ ತಾಲೂಕುಗಳಲ್ಲಿ ಆರೋಗ್ಯ ಪ್ರಕಟಣೆ ಕನ್ನಡದಲ್ಲಿಯೂ ಅದೇ ದಿನ.

ಇವುಗಳಲ್ಲಿ ಯಾವುದೂ ಸೋಂಕಿನ ಎಚ್ಚರಿಕೆಯನ್ನು ಸಡಿಲಿಸಿ ಎನ್ನುವುದಿಲ್ಲ. ಪರೀಕ್ಷೆ ಬೇಕೆಂದರೆ ಮಾಡಿಸೋಣ. ಪರೀಕ್ಷೆಯ ಕೇಂದ್ರ ಹತ್ತಿರವಿರಲಿ, ಉಚಿತವಿರಲಿ, ವರದಿ ಹೊತ್ತಿಗೆ ಸಿಗಲಿ ಎಂಬುದಷ್ಟೇ ಮಾತು.

ಸರ್ಕಾರ ಓಗೊಡುವವರೆಗೆ ನಮ್ಮ ಕೈಯಲ್ಲಿ ಇರುವ ಕೆಲಸವೂ ಇದೆ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಕನಿಷ್ಠ ಒಂದು ತಿಂಗಳಿಗೆ ಮುಂಗಡ ಇರಲಿ. ಗಡಿಯಾಚೆಯ ವೈದ್ಯರ ಚೀಟಿ, ವರದಿಗಳ ಒಂದು ಪ್ರತಿ ಈಚೆಯ ವೈದ್ಯರ ಬಳಿಯೂ ಇರಲಿ. ಸಣ್ಣಪುಟ್ಟ ತೊಂದರೆಗೆ ಇ-ಸಂಜೀವನಿ ಮೂಲಕ ಉಚಿತವಾಗಿ ವೈದ್ಯರೊಡನೆ ಮಾತಾಡಬಹುದು, ಬಳಸಲು ಬಾರದವರಿಗೆ ಊರಿನ ಕಾಲೇಜು ಮಕ್ಕಳು ಹೇಳಿಕೊಡಲಿ. ಸೋಂಕು ತಗಲಿ ಮನೆಯಲ್ಲಿರುವವರ ಆಮ್ಲಜನಕದ ಪ್ರಮಾಣ ಶೇ. 94ಕ್ಕಿಂತ ಕೆಳಗಿಳಿದರೆ ಪಾಸ್ ಇದೆಯೇ ಇಲ್ಲವೇ ಎಂದು ಲೆಕ್ಕ ಹಾಕುತ್ತ ಕೂರದೆ ಹತ್ತಿರದ ಆಸ್ಪತ್ರೆಗೆ ಒಯ್ಯಬೇಕು.  

ಮಕ್ಕಳ ವಿಷಯಕ್ಕೆ ಒಂದು ಮಾತು. ಕರ್ನಾಟಕದಲ್ಲಿ 2020ರಲ್ಲಿ ನಡೆದ ವಿದ್ಯಾಗಮದಲ್ಲಿ ಅಧ್ಯಾಪಕರೇ ಮಕ್ಕಳಿದ್ದಲ್ಲಿಗೆ ಹೋಗಿ, ಸಣ್ಣ ಗುಂಪು ಮಾಡಿ ಕಲಿಸಿದರು. ಸೋಂಕಿನ ಭಯದಿಂದ ಅದು ಅಕ್ಟೋಬರ್‌ನಲ್ಲಿ ನಿಂತಿತಾದರೂ ಅದರ ಹಿಂದಿನ ಯೋಚನೆ ನಮಗೆ ಹೊಂದುತ್ತದೆ. ನಿಯಮ ಅವಕಾಶ ಕೊಟ್ಟ ಕಡೆ ಐದಾರು ಮಕ್ಕಳು, ತೆರೆದ ಜಗಲಿ, ವಾರಕ್ಕೆ ಎರಡು ದಿನ ಒಂದೊಂದು ಗಂಟೆ ಕನ್ನಡ ಓದು ಬರಹ. ಎರಡು ವರ್ಷ ಅಕ್ಷರ ತಪ್ಪಿದ ಒಂದನೆಯ, ಎರಡನೆಯ ತರಗತಿಯ ಮಕ್ಕಳು ಶಾಲೆ ತೆರೆದಾಗ ಕನ್ನಡ ಮಾಧ್ಯಮವನ್ನೇ ಬಿಟ್ಟುಬಿಡುವ ಅಪಾಯವಿತ್ತು. ಮಕ್ಕಳ ಸಂಖ್ಯೆ ಕುಸಿದರೆ ಹುದ್ದೆ ಹೋಗುತ್ತದೆ, ಹುದ್ದೆ ಹೋದರೆ ತರಗತಿ ಹೋಗುತ್ತದೆ. ಗಡಿನಾಡಿನಲ್ಲಿ ಶಾಲೆ ಮುಚ್ಚುವ ಕ್ರಮ ಇದೇ ಎಂದು ಎಲ್ಲರಿಗೂ ಗೊತ್ತು.

  ನಿಮ್ಮ ನಿಮ್ಮ ಊರಿನಲ್ಲಿ ಗಡಿ ದಾಟಿ ಓದುವ ಮಕ್ಕಳು ಎಷ್ಟು, ನಿತ್ಯ ಚಿಕಿತ್ಸೆಗೆ ಹೋಗುವವರು ಎಷ್ಟು, ಫೋನಿಲ್ಲದೆ ಕನ್ನಡ ಪಾಠ ತಪ್ಪಿದ ಮಕ್ಕಳು ಎಷ್ಟು ಎಂಬ ಪಟ್ಟಿ ಮಾಡಿ ನಿಮ್ಮ ಘಟಕದ ಕಾರ್ಯದರ್ಶಿಗಳಿಗೆ ಕೊಡಿ. ಹೆಸರು ಬೇಡ, ಸಂಖ್ಯೆ ಸಾಕು. ಮನವಿ ಎಷ್ಟು ಚೆನ್ನಾಗಿ ಬರೆದರೂ ಕಚೇರಿಯವರು ಕೇಳುವ ಮೊದಲ ಪ್ರಶ್ನೆ ಎಷ್ಟು ಮಂದಿ ಎಂಬುದೇ. ಆ ಪ್ರಶ್ನೆಗೆ ಈ ಸಲ ನಮ್ಮಲ್ಲಿ ಉತ್ತರವಿರಲಿ.